ರೈಡರ್‌ಗೆ ಬೆಲೆ ಕಟ್ಟುವುದು ಹೇಗೆ?

2025ರ ಜೂನ್ ಮೊದಲ ವಾರದ ಒಂದು ಸಂಜೆ ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಪಕ್ಕದಲ್ಲಿ ಮೊಬೈಲ್ ನೋಡುತ್ತಿದ್ದ ಕಾಲೇಜು ಹುಡುಗನೊಬ್ಬ ನನ್ನ ಕಡೆ ತಿರುಗಿದ. "ಸರ್, ಪವನ್‌ಗ ಬರೇ ಐವತ್ತೊಂಬತ್ತೂವರಿ ಲಕ್ಷ ಆತ್ರೀ. ಎರಡ ವರ್ಷದ ಹಿಂದ ಇವಂಗೇ ಎರಡೂವರಿ ಕೋಟಿ ಮ್ಯಾಲ ಕೊಟ್ಟಿದ್ರು. ಅಷ್ಟ ಕೆಟ್ಟ ಆಡ್ಯಾನೇನ್ರಿ?" ಎಂದ. ಪ್ರೊ ಕಬಡ್ಡಿ ಲೀಗ್‌ನ 12ನೇ ಆವೃತ್ತಿಯ ಹರಾಜು ಮುಂಬೈನಲ್ಲಿ ಆಗಷ್ಟೇ ಮುಗಿದಿತ್ತು. ರೈಡರ್ ಪವನ್ ಸೆಹ್ರಾವತ್ ತಮಿಳ್ ತಲೈವಾಸ್ ತಂಡದ ಪಾಲಾಗಿದ್ದರು.

ಅಂವ ಕೆಟ್ಟದಾಗಿ ಆಡಿರಲಿಲ್ಲ ಎಂದು ಹೇಳಿ ಎದ್ದುಬಿಡಬಹುದಿತ್ತು. ಆದರೆ ಆ ಹುಡುಗ ಕೇಳಿದ್ದು ಒಬ್ಬ ಆಟಗಾರನ ಕುರಿತು ಮಾತ್ರ ಆಗಿರಲಿಲ್ಲ. 2018ರಲ್ಲಿ ಬೆಂಗಳೂರು ಬುಲ್ಸ್ ತಂಡ ಪವನ್ ಅವರನ್ನು 52.8 ಲಕ್ಷಕ್ಕೆ ಕೊಂಡಿತ್ತು. 2022ರಲ್ಲಿ ಅವರ ಬೆಲೆ 2.26 ಕೋಟಿ. 2023ರಲ್ಲಿ 2.605 ಕೋಟಿ. 2024ರಲ್ಲಿ 1.725 ಕೋಟಿ. 2025ರಲ್ಲಿ 59.5 ಲಕ್ಷ. ಏಳು ವರ್ಷಗಳಲ್ಲಿ ಗುಡ್ಡ ಹತ್ತಿ ಇಳಿದು ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದ ಹಾಗೆ. ಈ ಏರಿಳಿತವನ್ನು ಬಿಡಿಸಿ ನೋಡಿದರೆ, ಯಾವುದೇ ಆಟದಲ್ಲಿ ಆಟಗಾರನಿಗೆ ಬೆಲೆ ಕಟ್ಟುವ ಕ್ರಮ ಏನೆಂದು ತಿಳಿಯುತ್ತದೆ.

ಈ ಕ್ರಮವನ್ನು ಅತಿ ಹೆಚ್ಚು ತಿದ್ದಿ ತೀಡಿದವರು ಹರಾಜಿನಲ್ಲಿ ಕೊಳ್ಳುವ ಮಾಲೀಕರಲ್ಲ. ಅಮೆರಿಕದ ಸಾಮಾನ್ಯ ಪ್ರೇಕ್ಷಕರು. 1962ರಲ್ಲಿ ಓಕ್ಲೆಂಡ್ ರೈಡರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸಣ್ಣ ಪಾಲು ಹೊಂದಿದ್ದ ಬಿಲ್ ವಿಂಕೆನ್‌ಬಾಕ್ ಮತ್ತು ಅವರ ಗೆಳೆಯರು ಒಂದು ಹೊಸ ಆಟ ಕಟ್ಟಿದರು. ನಿಜವಾದ ಆಟಗಾರರನ್ನು ಕಾಗದದ ಮೇಲೆ ತಮ್ಮತಮ್ಮ ತಂಡಗಳಿಗೆ ಹಂಚಿಕೊಳ್ಳುವುದು. ಆ ಆಟಗಾರರು ಅಂಗಳದಲ್ಲಿ ಮಾಡಿದ ಸಾಧನೆಗೆ ತಕ್ಕಂತೆ ಇಲ್ಲಿ ಅಂಕ ಕೂಡುವುದು. ಮರುವರ್ಷ ಮೊದಲ ಹಂಚಿಕೆ ನಡೆಯಿತು. ಇದೇ ಫ್ಯಾಂಟಸಿ ಫುಟ್‌ಬಾಲ್. ಹಂಚಿಕೆಗೆ ಅವರು ಡ್ರಾಫ್ಟ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಇಬ್ಬರು ನಾಯಕರು ಎದುರುಬದುರು ನಿಂತು "ನನಗ ಇವ, ನಿನಗ ಅವ" ಎಂದು ಹುಡುಗರನ್ನು ಆರಿಸಿಕೊಳ್ಳುತ್ತಿದ್ದೆವಲ್ಲ, ಅದೇ ಇದು. ಇಬ್ಬರ ಬದಲು ಹತ್ತೋ ಹನ್ನೆರಡೋ ನಾಯಕರಿರುತ್ತಾರೆ, ಅಷ್ಟೇ.

ಆ ಡ್ರಾಫ್ಟ್‌ನಲ್ಲಿ ಅತಿ ಹೆಚ್ಚು ತಲೆ ಕೆಡಿಸುವವನು ವೈಡ್ ರಿಸೀವರ್. ಅಂಗಳದ ಅಂಚಿನಲ್ಲಿ ನಿಂತು, ಆಟ ಶುರುವಾದೊಡನೆ ಎದುರಾಳಿಯ ಕಡೆ ಓಡಿ, ತನ್ನ ತಂಡದವನು ಎಸೆದ ಚೆಂಡನ್ನು ಹಿಡಿದು ಮುನ್ನುಗ್ಗುವವನು ಇವನು. ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ರಿಸೀವರ್ ಎಷ್ಟೇ ವೇಗವಾಗಿ ಓಡಲಿ, ಚೆಂಡು ಅವನ ಕಡೆ ಬರಬೇಕು. ಅಂದರೆ ಅವನ ಅಂಕದಲ್ಲಿ ಅರ್ಧ ಅವನ ಕೈಯಲ್ಲಿದೆ, ಇನ್ನರ್ಧ ಬೇರೆಯವರ ಕೈಯಲ್ಲಿದೆ. ಕಬಡ್ಡಿಯ ರೈಡರ್ ಒಬ್ಬನೇ ಅಂಕಣಕ್ಕೆ ನುಗ್ಗುವುದರಿಂದ ಅವನ ಅಂಕವೆಲ್ಲ ಅವನದೇ ಎಂದು ನಮಗೆ ಅನ್ನಿಸುತ್ತದೆ. ಅದು ಹಾಗಿಲ್ಲ.

ಲೀಗ್‌ನ ಐದನೇ ಆವೃತ್ತಿಯಲ್ಲಿ ಪವನ್ ಅವರನ್ನು ನೋಡಿ. 2017ರಲ್ಲಿ ಅವರು ಗುಜರಾತ್ ತಂಡದಲ್ಲಿದ್ದರು. ಅಲ್ಲಿ ಸಚಿನ್ ತನ್ವರ್ ಮುಖ್ಯ ರೈಡರ್. ಪವನ್ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಆ ವರ್ಷದ ಅಂಕಪಟ್ಟಿ ನೋಡಿದವರಿಗೆ ಅವರಲ್ಲಿ ಏನೂ ಕಂಡಿರಲಿಕ್ಕಿಲ್ಲ. ಮರುವರ್ಷ ಬುಲ್ಸ್ ತಂಡ ಅವರ ಕೈಗೆ ರೈಡ್‌ಗಳನ್ನು ಒಪ್ಪಿಸಿತು. ಆ ಆವೃತ್ತಿಯಲ್ಲಿ ಅವರು ಗಳಿಸಿದ ರೈಡ್ ಅಂಕ 271. 2019ರ ಜನವರಿ 5ರಂದು ಮುಂಬೈನ ಫೈನಲ್‌ನಲ್ಲಿ, ತಮ್ಮನ್ನು ಕೂರಿಸಿದ್ದ ಅದೇ ಗುಜರಾತ್ ತಂಡದ ವಿರುದ್ಧ, ಒಬ್ಬರೇ 22 ಅಂಕ ತಂದರು. ಬೆಂಗಳೂರು 38–33ರಿಂದ ಗೆದ್ದು ಮೊದಲ ಬಾರಿಗೆ ಕಪ್ ಎತ್ತಿತು. ಒಂದು ವರ್ಷದಲ್ಲಿ ಅವರ ಕಾಲಿಗೆ ಹೊಸ ಬಲವೇನೂ ಬಂದಿರಲಿಲ್ಲ. ಬಂದದ್ದು ಅವಕಾಶ.

ಅಮೆರಿಕದಲ್ಲೂ ಇಂಥದೇ ಕಥೆಯೊಂದಿದೆ. ರ‍್ಯಾಂಡಿ ಮಾಸ್ ಎಂಬ ರಿಸೀವರ್ 2006ರಲ್ಲಿ, ಮೇಲೆ ಹೇಳಿದ ಓಕ್ಲೆಂಡ್ ರೈಡರ್ಸ್ ತಂಡದಲ್ಲಿದ್ದಾಗ, ಇಡೀ ಹಂಗಾಮಿಗೆ 553 ಗಜ ಸಾಗಿ ಮೂರು ಟಚ್‌ಡೌನ್ ಮಾಡಿದ. ಟಚ್‌ಡೌನ್ ಎಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು. ಅವನ ಕಾಲ ಮುಗಿಯಿತೆಂದು ಜನ ಆಡಿಕೊಂಡರು. ಮರುವರ್ಷ ಅವನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದ. ಅಲ್ಲಿ ಚೆಂಡು ಎಸೆಯುತ್ತಿದ್ದವನು ಟಾಮ್ ಬ್ರೇಡಿ. ಮಾಸ್ 1,493 ಗಜ ಸಾಗಿ 23 ಟಚ್‌ಡೌನ್ ಮಾಡಿದ. ಚೆಂಡು ಹಿಡಿದು ಮಾಡಿದ ಟಚ್‌ಡೌನ್‌ಗಳಲ್ಲಿ ಒಂದು ಹಂಗಾಮಿಗೆ ಅದು ಇಂದಿಗೂ ದಾಖಲೆ. ಹಾಗಾಗಿ ಬಲ್ಲವರು ರಿಸೀವರ್‌ನ ಅಂಕಕ್ಕಿಂತ ಮೊದಲು ನೋಡುವುದು ಅವನ ಕಡೆಗೆ ಎಷ್ಟು ಸಲ ಚೆಂಡು ಎಸೆಯಲಾಯಿತು ಎಂಬುದನ್ನು. ಹಿಡಿದದ್ದು, ಬಿಟ್ಟದ್ದು ಆಮೇಲೆ.

ಕಬಡ್ಡಿಯಲ್ಲಿ ಇದಕ್ಕೆ ಸಮನಾದ ಲೆಕ್ಕ ರೈಡ್‌ಗಳ ಸಂಖ್ಯೆ. ಪಂದ್ಯ 40 ನಿಮಿಷ, ಒಂದು ರೈಡ್‌ಗೆ 30 ಸೆಕೆಂಡ್. ಎರಡೂ ತಂಡ ಸೇರಿ ಸುಮಾರು 80 ರೈಡ್. ಒಂದು ತಂಡದ ಪಾಲಿಗೆ 40ರ ಆಸುಪಾಸು. ಈ 40 ಎನ್ನುವುದು ಹೊಲಕ್ಕೆ ಬರುವ ಕಾಲುವೆಯ ನೀರಿನಂತೆ. ಒಂದು ಮಡಿಗೆ ಹೆಚ್ಚು ಬಿಟ್ಟರೆ ಇನ್ನೊಂದು ಮಡಿಗೆ ಕಡಿಮೆ. ಒಬ್ಬನೇ 20 ರೈಡ್ ಮಾಡುವ ತಂಡದಲ್ಲಿ ಉಳಿದವರೆಲ್ಲ ಸೇರಿ 20 ಹಂಚಿಕೊಳ್ಳಬೇಕು. ಆದ್ದರಿಂದ ಯಾವುದೇ ರೈಡರ್‌ನ ಹೆಸರು ಎದುರಿಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಸಲದ ತಂಡದಲ್ಲಿ ಇವನ ಪಾಲಿಗೆ ಎಷ್ಟು ರೈಡ್ ಬರುತ್ತವೆ ಎಂಬುದು. ಹೋದ ಸಲ ಎಷ್ಟು ಬಂದಿದ್ದವು ಎಂಬುದಲ್ಲ. ತರಬೇತುದಾರ ಬದಲಾಗಿರಬಹುದು, ಪಕ್ಕದಲ್ಲಿ ಇನ್ನೊಬ್ಬ ದೊಡ್ಡ ರೈಡರ್ ಬಂದಿರಬಹುದು.

ಅವಕಾಶದ ನಂತರ ಬರುವುದು ಆ ಅವಕಾಶದಲ್ಲಿ ಎಷ್ಟು ಹಿಂಡಿದ ಎನ್ನುವುದು. ಕಬ್ಬು ಬೆಳೆಯುವ ನಮ್ಮ ಭಾಗದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಕಾಟಾದ ಮೇಲೆ ತೂಕ ಮಾಡಿಸುತ್ತೇವೆ. ಆದರೆ ದರ ನಿಂತಿರುವುದು ತೂಕದೊಂದಿಗೆ ರಿಕವರಿಯ ಮೇಲೂ. ರಿಕವರಿ ಎಂದರೆ ನೂರು ಕಿಲೋ ಕಬ್ಬು ಅರೆದಾಗ ಸಿಗುವ ಸಕ್ಕರೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ ನಿಗದಿ ಮಾಡಿತು. ಅದಕ್ಕಿಂತ ಪ್ರತಿ 0.1 ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ತೂಕ ಹೆಚ್ಚಿದ್ದು ರಸ ನೀರಾಗಿದ್ದರೆ ಏನು ಬಂತು? ರೈಡರ್‌ನ ಒಟ್ಟು ಅಂಕ ಎನ್ನುವುದು ಕಾಟಾದ ತೂಕ. ಒಂದು ರೈಡ್‌ಗೆ ಎಷ್ಟು ಅಂಕ ಎನ್ನುವುದು ಅವನ ರಿಕವರಿ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಟಿವಿ ಪರದೆಯ ಅಂಕಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಲೆಕ್ಕ ಸುಲಭವಾಗಲೆಂದು ಇಬ್ಬರು ರೈಡರ್‌ಗಳನ್ನು ನಾನೇ ಊಹಿಸಿಕೊಳ್ಳುತ್ತೇನೆ. ಮೊದಲನೆಯವನು 20 ರೈಡ್ ಮಾಡಿ 10 ಅಂಕ ತಂದ, ಆರು ಸಲ ಸಿಕ್ಕಿಬಿದ್ದ. ಎರಡನೆಯವನು 13 ರೈಡ್ ಮಾಡಿ 8 ಅಂಕ ತಂದ, ಎರಡು ಸಲ ಸಿಕ್ಕಿಬಿದ್ದ. ಮರುದಿನದ ಪತ್ರಿಕೆಯಲ್ಲಿ ಮೊದಲನೆಯವನ ಫೋಟೊ ಬರುತ್ತದೆ. ಆದರೆ ಸಿಕ್ಕಿಬಿದ್ದ ಪ್ರತಿ ಸಲವೂ ಎದುರಾಳಿಗೆ ಕನಿಷ್ಠ ಒಂದು ಅಂಕ ಹೋಗುತ್ತದೆ. ಮೊದಲನೆಯವನು ತಂಡಕ್ಕೆ ನಿವ್ವಳವಾಗಿ ಕೊಟ್ಟದ್ದು ನಾಲ್ಕು, ಎರಡನೆಯವನು ಕೊಟ್ಟದ್ದು ಆರು. ಅಷ್ಟಕ್ಕೇ ಮುಗಿಯಲಿಲ್ಲ. ಔಟಾದ ರೈಡರ್ ಹೊರಗೆ ಸಾಲಿನಲ್ಲಿ ಕೂರಬೇಕು. ತನ್ನ ತಂಡದ ಬೇರೆ ಯಾರೋ ಎದುರಾಳಿಯೊಬ್ಬನನ್ನು ಔಟ್ ಮಾಡುವವರೆಗೂ ಅವನು ಮತ್ತೆ ಒಳಗೆ ಬರುವಂತಿಲ್ಲ. ಆ ಹೊತ್ತಿನಲ್ಲಿ ನಡೆಯುವ ರೈಡ್‌ಗಳು ಅವನಿಗಿಂತ ಕಡಿಮೆ ಪಳಗಿದವರ ಪಾಲಾಗುತ್ತವೆ. ನಾವು ಮೈದಾನದ ಪಕ್ಕ ಕೂತು ನೋಡುವಾಗ ರೈಡರ್‌ನ ಜಿಗಿತಕ್ಕೆ ಚಪ್ಪಾಳೆ ಹೊಡೆಯುತ್ತೇವೆ, ಅವನು ಹೊರಗೆ ಕೂತ ಮೂರು ನಿಮಿಷಗಳನ್ನು ಯಾರೂ ಎಣಿಸುವುದಿಲ್ಲ.

ಅಂಕಗಳಲ್ಲೂ ಜಾತಿಗಳಿವೆ. ಎದುರು ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಬೋನಸ್ ಗೆರೆ ದಾಟಿ ಒಂದು ಅಂಕ ತರಬಹುದು. ಆದರೆ ಅದರಿಂದ ಎದುರಾಳಿಯ ಯಾರೂ ಔಟಾಗುವುದಿಲ್ಲ, ನಮ್ಮವರು ಯಾರೂ ಒಳಗೆ ಬರುವುದಿಲ್ಲ. ಮುಟ್ಟಿ ತಂದ ಅಂಕ ಹಾಗಲ್ಲ. ಒಬ್ಬನನ್ನು ಹೊರಗೆ ಕಳಿಸಿ, ನಮ್ಮವನೊಬ್ಬನನ್ನು ಒಳಗೆ ತರುತ್ತದೆ. ಕೊನೆಗೆ ಎದುರಾಳಿಯ ಏಳೂ ಮಂದಿ ಔಟಾದರೆ ಸಿಗುವ ಎರಡು ಹೆಚ್ಚುವರಿ ಅಂಕಕ್ಕೂ ಅದೇ ದಾರಿ. ಇನ್ನು 'ಮಾಡು ಇಲ್ಲವೇ ಮಡಿ' ರೈಡ್. ಒಂದು ತಂಡ ಸತತ ಎರಡು ರೈಡ್ ಖಾಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಎದುರಾಳಿಗಳಿಗೂ ಇದು ಗೊತ್ತಿರುವುದರಿಂದ ಅವರು ಅವಸರ ಮಾಡದೆ ಬಲೆ ಹಾಸಿ ಕಾಯುತ್ತಾರೆ. ಕೆಲವು ರೈಡರ್‌ಗಳು ಇಡೀ ಪಂದ್ಯದಲ್ಲಿ ಇಂಥ ನಾಲ್ಕೈದು ರೈಡ್‌ಗಳಿಗಷ್ಟೇ ಹೋಗುತ್ತಾರೆ. ಅವರ ಒಟ್ಟು ಅಂಕ ಸಣ್ಣದಿರುತ್ತದೆ. ಆದರೆ ಅವರು ಹೊತ್ತದ್ದು ತಂಡದ ಅತಿ ಕಷ್ಟದ ಮೂಟೆ ಎಂದು ತಿಳಿದವನು ಅವರನ್ನು ಕಡಿಮೆ ಬೆಲೆಗೆ ಕೊಂಡು ಲಾಭ ಮಾಡಿಕೊಳ್ಳುತ್ತಾನೆ. ಫ್ಯಾಂಟಸಿ ಆಡುವವನ ಲೆಕ್ಕ ಮಾತ್ರ ಇಲ್ಲಿ ಸ್ವಲ್ಪ ಬೇರೆ. ಅವನ ಆಟದ ನಿಯಮ ಯಾವುದಕ್ಕೆ ಅಂಕ ಕೊಡುತ್ತದೋ ಅದೇ ಅವನಿಗೆ ಬೆಲೆ. ಅಮೆರಿಕದಲ್ಲೂ ಕೆಲವು ಕೂಟಗಳು ಚೆಂಡು ಹಿಡಿದ ಪ್ರತಿ ಸಲಕ್ಕೂ ಒಂದು ಅಂಕ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಸಣ್ಣಸಣ್ಣ ಎಸೆತಗಳನ್ನು ಹತ್ತಾರು ಸಲ ಹಿಡಿಯುವ ರಿಸೀವರ್ ಮೊದಲ ಬಗೆಯ ಕೂಟದಲ್ಲಿ ಚಿನ್ನ, ಎರಡನೆಯದರಲ್ಲಿ ಸಾಧಾರಣ. ಆಟಗಾರ ಅವನೇ, ನಿಯಮ ಬೇರೆ.

ಈಗ ಇಡೀ ವಿಷಯದ ತಿರುಳಿಗೆ ಬರೋಣ. ಒಬ್ಬ ಆಟಗಾರ ಎಷ್ಟು ಚೆನ್ನಾಗಿದ್ದಾನೆ ಎಂಬುದು ಅವನ ಬೆಲೆಯಲ್ಲ. ಅವನು ಸಿಗದೆ ಹೋದರೆ ಆ ಜಾಗಕ್ಕೆ ನಮಗೆ ಸಿಗುವವನಿಗಿಂತ ಅವನು ಎಷ್ಟು ಹೆಚ್ಚು ಎನ್ನುವುದೇ ಅವನ ಬೆಲೆ. ಈ ಒಂದು ವಾಕ್ಯ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅಮೆರಿಕದ ಫ್ಯಾಂಟಸಿ ಆಟದಲ್ಲಿ ಹೊಸಬರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಅತಿ ಹೆಚ್ಚು ಅಂಕ ತರುವವರು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳು. ಆದರೂ ಅನುಭವಿಗಳು ಮೊದಲ ಸರದಿಗಳಲ್ಲಿ ಅವರನ್ನು ಬಿಟ್ಟು ರಿಸೀವರ್‌ಗಳ ಕಡೆ ಕೈ ಚಾಚುತ್ತಾರೆ. ಕಾರಣ ಇದು: ಹನ್ನೆರಡು ಮಂದಿ ಆಡುವ ಕೂಟದಲ್ಲಿ ಒಬ್ಬೊಬ್ಬರಿಗೆ ಬೇಕಾದ್ದು ಒಬ್ಬ ಕ್ವಾರ್ಟರ್‌ಬ್ಯಾಕ್. ಹನ್ನೆರಡು ಮಂದಿ ಹೋದರೂ ಹದಿಮೂರನೆಯವನು ಕೈಗೆ ಸಿಗುತ್ತಾನೆ, ಅವನೂ ಸಾಕಷ್ಟು ಒಳ್ಳೆಯವನೇ. ಆದರೆ ರಿಸೀವರ್‌ಗಳು ಒಬ್ಬೊಬ್ಬರಿಗೆ ಎರಡೋ ಮೂರೋ ಬೇಕು. ಮೂವತ್ತಾರು ಮಂದಿ ಹೋದ ಮೇಲೆ ಉಳಿದ ಮೂವತ್ತೇಳನೆಯವನು ಮೊದಲನೆಯವನ ಹತ್ತಿರಕ್ಕೂ ಬರುವುದಿಲ್ಲ. ಆ ಅಂತರಕ್ಕೇ ಹಣ.

ಕಬಡ್ಡಿಗೆ ಇದನ್ನು ಹೊಂದಿಸಿ ನೋಡೋಣ. ಮತ್ತೆ ನಾನೇ ಇಟ್ಟುಕೊಂಡ ಅಂಕಿಗಳು. ಫ್ಯಾಂಟಸಿಯಲ್ಲಿ ಅತ್ಯುತ್ತಮ ರೈಡರ್ ಪಂದ್ಯಕ್ಕೆ 60 ಅಂಕ ತರುತ್ತಾನೆ, ಎಲ್ಲರೂ ಆರಿಸಿಕೊಂಡ ಮೇಲೆ ಉಳಿದ ರೈಡರ್ 42 ತರುತ್ತಾನೆ. ಅಂತರ 18. ಅತ್ಯುತ್ತಮ ಎಡ ಕಾರ್ನರ್ ರಕ್ಷಣಾ ಆಟಗಾರ 48 ತರುತ್ತಾನೆ, ಉಳಿದವನು 24. ಅಂತರ 24. ಬರಿಗಣ್ಣಿಗೆ 60 ದೊಡ್ಡದು. ಆದರೆ ಕೊನೆಯಲ್ಲಿ ಕೂಡಿ ನೋಡಿದಾಗ ಮೊದಲು ಕಾರ್ನರ್‌ನನ್ನು ಹಿಡಿದವನು ಆರು ಅಂಕ ಮುಂದಿರುತ್ತಾನೆ. ರೈಡ್ ಮಾಡಬಲ್ಲ, ಹಿಡಿಯಲೂ ಬಲ್ಲ ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಅವರಿಗೆ 2023, 2024, 2025ರ ಮೂರೂ ಹರಾಜುಗಳಲ್ಲಿ ಎರಡು ಕೋಟಿ ದಾಟಿ ಬಂದದ್ದು ಇದೇ ಕಾರಣಕ್ಕೆ. ಅಂಥವನೊಬ್ಬ ತಪ್ಪಿದರೆ ಅದೇ ಜಾಗಕ್ಕೆ ಇನ್ನೊಬ್ಬ ಸಿಗುವುದಿಲ್ಲ. 2023ರ ಹರಾಜಿನಲ್ಲಿ ಅವರನ್ನು ಕೊಂಡ ಪುಣೇರಿ ಪಲ್ಟನ್ ಆ ಆವೃತ್ತಿ ಗೆದ್ದಿತು, 2024ರಲ್ಲಿ ಕೊಂಡ ಹರಿಯಾಣ ಸ್ಟೀಲರ್ಸ್ ಅದರ ಮುಂದಿನದನ್ನು ಗೆದ್ದಿತು.

ರೈಡರ್‌ನ ಜಾಗ ತುಂಬುವವನು ಸಿಗುತ್ತಾನೆಯೇ? ಇದಕ್ಕೆ 2022ರಲ್ಲಿ ಸಿಕ್ಕಷ್ಟು ಸ್ಪಷ್ಟ ಉತ್ತರ ಬೇರೆಲ್ಲೂ ಸಿಕ್ಕಿಲ್ಲ. ಆ ವರ್ಷ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಪವನ್ ಅವರನ್ನು ಕೊಂಡಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ತಂಡದ ಮೊದಲ ಪಂದ್ಯದಲ್ಲೇ ಎದುರಾಳಿ ರೈಡರ್‌ನನ್ನು ಹಿಡಿಯಲು ಹೋಗಿ ಅವರ ಮೊಣಕಾಲಿಗೆ ಪೆಟ್ಟಾಯಿತು. ಆಮೇಲೆ ಅವರು ಆ ಆವೃತ್ತಿಯಲ್ಲಿ ಆಡಲಿಲ್ಲ. ತಂಡದ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಆಗ ಮುಂದೆ ಬಂದವನು ಅದೇ ಮೊದಲ ಸಲ ಲೀಗ್ ಆಡುತ್ತಿದ್ದ ನರೇಂದರ್ ಎಂಬ ಹುಡುಗ. ಆ ಆವೃತ್ತಿಯಲ್ಲಿ ಅವನ ರೈಡ್ ಅಂಕ 243. ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಪವನ್ ಆಡಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೇನೋ. ಆದರೆ ಪವನ್‌ಗೂ ಆ ಹೊಸ ಹುಡುಗನಿಗೂ ನಡುವಿನ ಅಂತರ ಎರಡು ಕೋಟಿಯದ್ದಾಗಿರಲಿಲ್ಲ ಎಂದು ಹೇಳಲು ಅಳುಕಬೇಕಿಲ್ಲ. ಆ ಹುಡುಗನ ಕೈಗೆ ರೈಡ್‌ಗಳು ಬಂದದ್ದು ಒಂದು ಅಪಘಾತದಿಂದ. 2017ರಲ್ಲಿ ಬೆಂಚಿನ ಮೇಲೆ ಕೂತ ಪವನ್ ಅವರಿಗೆ ಅಂಥದ್ದು ಒದಗಿರಲಿಲ್ಲ.

ಮುಂದಿನ ವರ್ಷ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು. ಆಗ ಒಂದು ತಂಡಕ್ಕೆ ಖರ್ಚು ಮಾಡಲು ಇದ್ದ ಒಟ್ಟು ಮಿತಿ 5 ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋಯಿತು. ಪವನ್ ಆ ಆವೃತ್ತಿಯಲ್ಲಿ 200ಕ್ಕೂ ಹೆಚ್ಚು ರೈಡ್ ಅಂಕ ತಂದರು. ಕಳಪೆ ಆಟ ಎಂದು ಯಾರೂ ಅನ್ನಲಾರರು. ಆದರೆ ಟೈಟನ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು ಮಾತ್ರ, ಪಟ್ಟಿಯಲ್ಲಿ ಕೊನೆಯ ಸ್ಥಾನ. ಬುಲ್ಸ್ ಕಪ್ ಗೆದ್ದ ವರ್ಷ ಪವನ್ ಜೊತೆಗೆ ನಾಯಕ ರೋಹಿತ್ ಕುಮಾರ್ ಇದ್ದರು. ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಕಾಶಿಲಿಂಗ ಅಡಕೆ ಕೂಡ ಆ ತಂಡದಲ್ಲಿದ್ದರು. 2015ರಲ್ಲಿ ದೆಹಲಿ ತಂಡದ ಪರ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ರೈಡ್ ಅಂಕ ತಂದು ಈ ಭಾಗದ ಹುಡುಗರ ಬಾಯಲ್ಲಿ ಹೆಸರಾಗಿದ್ದವರು. ಎದುರಾಳಿಗಳು ಒಬ್ಬರನ್ನೇ ಗುರಿ ಇಟ್ಟು ಕಾಯುವ ಹಾಗಿರಲಿಲ್ಲ. ಬಂಡಿಗೆ ಎತ್ತು ಕೊಳ್ಳುವ ನಮ್ಮ ಹಿರಿಯರು ಹಲ್ಲು ನೋಡಿ ವಯಸ್ಸು ತಿಳಿಯುತ್ತಿದ್ದರು, ನಡಿಗೆ ನೋಡಿ ಕಾಲು ತಿಳಿಯುತ್ತಿದ್ದರು, ಆಮೇಲೆ ಮನೆಯಲ್ಲಿರುವ ಎತ್ತಿಗೆ ಜೋಡಿಯಾಗುತ್ತದೆಯೇ ಎಂದು ನೋಡುತ್ತಿದ್ದರು. ಒಂದು ಎತ್ತು ಎಷ್ಟೇ ಗಟ್ಟಿಯಾಗಿರಲಿ, ಜೋಡಿ ಸಾಟಿಯಾಗದಿದ್ದರೆ ನೊಗ ಒಂದು ಕಡೆ ವಾಲುತ್ತದೆ.

ಹಾಗಾದರೆ ಮಾಲೀಕರು ಇಷ್ಟು ಹಣ ಏಕೆ ಸುರಿದರು? ಅವರೇನು ತಿಳಿಯದವರಲ್ಲ. ಬೆಲೆ ಕಟ್ಟುವವನ ಕೈಯಲ್ಲಿರುವುದು ಹೋದ ವರ್ಷದ ಅಂಕಿ, ಅವನಿಗೆ ಬೇಕಾದ್ದು ಬರುವ ವರ್ಷದ ಆಟ. ಕಬ್ಬಿನ ದರದಲ್ಲೂ ಇದೇ ತೊಡಕಿದೆ. ಈ ಹಂಗಾಮಿನ ಕಬ್ಬಿಗೆ ಕಾರ್ಖಾನೆಯ ಹಿಂದಿನ ಹಂಗಾಮಿನ ರಿಕವರಿ ಹಿಡಿದು ದರ ಲೆಕ್ಕ ಹಾಕುತ್ತಾರೆ. ಮಳೆ, ತಳಿ, ಕಟಾವಿನ ತಡ ಎಲ್ಲವೂ ಈ ವರ್ಷ ಬೇರೆಯಾಗಿದ್ದರೂ ಲೆಕ್ಕ ಹಳೆಯದೇ. ಆಟಗಾರನ ವಿಷಯದಲ್ಲಿ ವಯಸ್ಸು, ಪೆಟ್ಟು, ಎದುರಾಳಿಗಳು ಅವನ ಕಾಲಿನ ವರಸೆಗಳನ್ನು ಓದಿಕೊಂಡಿರುವುದು, ಇವೆಲ್ಲ ನಡುವೆ ಬರುತ್ತವೆ. 2017ರಲ್ಲಿ ಪಟನಾ ಪೈರೇಟ್ಸ್ ಪರ 369 ರೈಡ್ ಅಂಕ ತಂದ ಪ್ರದೀಪ್ ನರ್ವಾಲ್ ಅವರಿಗೆ 2021ರಲ್ಲಿ 1.65 ಕೋಟಿ ಸಿಕ್ಕಿತು. 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ಕೊಂಡಿತು. ಆ ವರ್ಷ ಬುಲ್ಸ್ ಗೆದ್ದದ್ದು ಎರಡೇ ಪಂದ್ಯ. 2025ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಹೇಳಿದರು. ಲೀಗ್ ಕಂಡ ಅತಿ ದೊಡ್ಡ ರೈಡರ್ ಆ ದಿನ ಬಿಕರಿಯಾಗದೆ ಉಳಿದದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಲೆಕ್ಕ ಸರಿಯಿತ್ತು. ಸಂಕಟವೂ ಸರಿಯೇ.

ಅದೇ ಹರಾಜಿನಲ್ಲಿ ದೇವಾಂಕ್ ದಲಾಲ್ ಅವರಿಗೆ 2.205 ಕೋಟಿ ಬಂತು. ಹಿಂದಿನ ಆವೃತ್ತಿಯಲ್ಲಿ ಅವರ ರೈಡ್ ಅಂಕ 301, ಎಲ್ಲರಿಗಿಂತ ಹೆಚ್ಚು. ಪಟನಾ ತಂಡದಲ್ಲಿ ಅವರ ಜೊತೆ ಅಯಾನ್ ಎಂಬ ಇನ್ನೊಬ್ಬ ಯುವ ರೈಡರ್ ಇದ್ದದ್ದನ್ನು ಆ ಬೆಲೆ ಕಟ್ಟುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಸ ತಂಡಕ್ಕೆ ಹೋದಾಗ ಆ ಜೋಡಿ ಜೊತೆಗೆ ಹೋಗುವುದಿಲ್ಲ.

ಹಣದ ಮಾತು ಬಂದದ್ದರಿಂದ ಒಂದು ಸ್ಪಷ್ಟನೆ. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆಟವನ್ನು ನಾನು ಇಲ್ಲಿ ಬೆಂಬಲಿಸುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕುರಿತ ಕಾಯ್ದೆ ತಂದು ಹಣ ಪಣಕ್ಕಿಡುವ ಆಟಗಳನ್ನೆಲ್ಲ ನಿಷೇಧಿಸಿತು. ಡ್ರೀಮ್ ಇಲೆವೆನ್‌ನಂಥ ದೊಡ್ಡ ಕಂಪನಿಗಳೂ ಹಣದ ಪಂದ್ಯಗಳನ್ನು ನಿಲ್ಲಿಸಿದವು. ಹಂಗಾಮಿನಲ್ಲಿ ಕೈಗೆ ಬಂದ ಕಬ್ಬಿನ ಬಿಲ್ಲು ರಾತ್ರೋರಾತ್ರಿ ಮೊಬೈಲಿನಲ್ಲಿ ಕರಗಿದ ಮನೆಗಳನ್ನು ಬಲ್ಲ ನನಗೆ ಆ ಕಾಯ್ದೆ ಸರಿಯೆಂದೇ ಅನ್ನಿಸುತ್ತದೆ. ಗೆಳೆಯರು ನಾಲ್ಕೈದು ಮಂದಿ ಕೂತು, ಪೈಸೆ ಇಡದೆ, ಒಂದು ವಹಿಯಲ್ಲಿ ತಂಡ ಬರೆದುಕೊಂಡು ಆಡುವುದು ಬೇರೆ ಮಾತು. ಅದು ಆಟವನ್ನು ಹತ್ತಿರದಿಂದ ಓದುವ ಪಾಠ.

ಹಾಗೆ ಆಡುವವರಿಗೆ ಸರದಿಯ ಬಗ್ಗೆ ಒಂದು ಸಣ್ಣ ಸೂಚನೆ ಸಾಕು. ಡ್ರಾಫ್ಟ್ ಸಾಮಾನ್ಯವಾಗಿ ಹಾವಿನ ನಡೆಯಂತೆ ಸಾಗುತ್ತದೆ: ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವನು ಎರಡನೇ ಸುತ್ತಿನಲ್ಲಿ ಮೊದಲು ಆರಿಸುತ್ತಾನೆ. ನಿಮ್ಮ ಮುಂದಿನ ಸರದಿ ಬರುವಷ್ಟರಲ್ಲಿ ಯಾವ ಜಾಗದ ಒಳ್ಳೆಯವರು ಮುಗಿದುಹೋಗುತ್ತಾರೆ ಎಂದು ಯೋಚಿಸಿ, ಆ ಜಾಗವನ್ನು ಈಗಲೇ ತುಂಬಿ. ಇನ್ನೊಂದು ಸರದಿ ಕಾದರೂ ಸಿಗುವವನನ್ನು ಕಾಯಿಸಿ.

ಆ ಚಹಾದಂಗಡಿಯ ಹುಡುಗನಿಗೆ ನಾನು ಇಷ್ಟನ್ನು ಒಂದೇ ಸಲ ಹೇಳಲಿಲ್ಲ. ಮಳೆಗಾಲದುದ್ದಕ್ಕೂ ಸಿಕ್ಕಾಗಲೆಲ್ಲ ಮಾತಾಡಿದೆವು. ಅವನು ಒಮ್ಮೆ ಕೇಳಿದ ಪ್ರಶ್ನೆಯೊಂದು ನನ್ನ ಮನಸ್ಸಿನಲ್ಲಿ ಉಳಿದಿದೆ. "ಸರ್, ಲೀಗಿನವರ ಲೆಕ್ಕಾ ಟಿವ್ಯಾಗ ಬರ್ತೈತಿ. ನಮ್ಮ ಹುಡುಗರ ಲೆಕ್ಕಾ ಯಾರ ಇಟ್ಟಾರ್ರಿ?" ಯಾರೂ ಇಟ್ಟಿಲ್ಲ. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ಜಾತ್ರೆಗೆ, ಗಣೇಶನ ಹಬ್ಬಕ್ಕೆ ಕಬಡ್ಡಿ ಪಂದ್ಯ ಇಡುತ್ತಾರೆ. ಬ್ಯಾನರ್ ಇರುತ್ತದೆ, ಧ್ವನಿವರ್ಧಕ ಇರುತ್ತದೆ, ರಾತ್ರಿ ಎರಡರವರೆಗೂ ಜನ ನಿಂತಿರುತ್ತಾರೆ. ಕೊನೆಗೆ ಉತ್ತಮ ರೈಡರ್ ಎಂದು ಒಬ್ಬನಿಗೆ ಟ್ರೋಫಿ ಕೊಡುತ್ತಾರೆ. ಆ ಟ್ರೋಫಿ ಹೋಗುವುದು ಅತಿ ಹೆಚ್ಚು ಚಪ್ಪಾಳೆ ಬಿದ್ದವನಿಗೆ. ಅವನು ಎಷ್ಟು ರೈಡ್ ಮಾಡಿದ, ಎಷ್ಟು ಸಲ ಸಿಕ್ಕಿಬಿದ್ದ, ಮಾಡು ಇಲ್ಲವೇ ಮಡಿ ರೈಡ್‌ಗೆ ಯಾರು ಹೋದರು ಎಂಬುದು ಬೆಳಗಾಗುವಷ್ಟರಲ್ಲಿ ಯಾರ ನೆನಪಲ್ಲೂ ಇರುವುದಿಲ್ಲ. ದೊಡ್ಡ ತಂಡದ ತರಬೇತುದಾರರೊಬ್ಬರು ನಾಳೆ ಈ ಕಡೆ ಬಂದು ನಿಮ್ಮಲ್ಲಿ ಒಳ್ಳೆಯ ರೈಡರ್ ಯಾರು ಎಂದು ಕೇಳಿದರೆ ನಾವು ತೋರಿಸಬಹುದಾದದ್ದು ಒಂದು ಟ್ರೋಫಿಯ ಫೋಟೊ ಮಾತ್ರ. 2025ರ ಹರಾಜಿನಲ್ಲಿ ಕೆಳ ಗುಂಪಿನ ಮೂಲಬೆಲೆ 9 ಲಕ್ಷ ಇತ್ತು. ನಮ್ಮೂರಿನ ಯಾವುದೇ ಮನೆಗೆ ಅದು ಸಣ್ಣ ಮೊತ್ತವಲ್ಲ.

ಪಂದ್ಯ ಇಡುವ ಸಂಘಗಳು ಒಬ್ಬ ಹುಡುಗನ ಕೈಗೆ ವಹಿ ಪೆನ್ನು ಕೊಟ್ಟು ಗೆರೆಯ ಪಕ್ಕ ಕೂರಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಚಹಾದಂಗಡಿಯ ಆ ಹುಡುಗ ಈಗ ಅದನ್ನು ಶುರು ಮಾಡಿದ್ದಾನೆ. ಅಡ್ಡ ಗೆರೆಯ ಇನ್ನೂರು ಪುಟದ ವಹಿ. ಪುಟಕ್ಕೆ ನಾಲ್ಕು ಕಾಲಂ: ರೈಡ್, ಮುಟ್ಟಿದ್ದು, ಬೋನಸ್, ಸಿಕ್ಕಿಬಿದ್ದದ್ದು. ಹೋದ ಹಬ್ಬದ ಪಂದ್ಯದ ಮರುದಿನ ವಹಿ ತೋರಿಸಲು ಬಂದಾಗ ಐದನೆಯದೊಂದನ್ನು ಪೆನ್ಸಿಲ್‌ನಲ್ಲಿ ಹೊಸದಾಗಿ ಎಳೆದಿದ್ದ. ಅದರ ತಲೆಯ ಮೇಲೆ ಬರೆದದ್ದು: ಬೆಂಚಿನ ಮ್ಯಾಲ ಕೂತಾಂವ.